ಹಾರಿ ಬಂದದ್ದೆಲ್ಲ ಸುರಕ್ಷಿತವಲ್ಲ

‘ಸತತ ಯಶಸ್ಸು ಕಂಡ ರಾಕೆಟ್ಟಿಗೆ ಮತ್ತೇಕೆ ಪರೀಕ್ಷೆಯ ಮೇಲೆ ಪರೀಕ್ಷೆ?’ ಎಂದು ಲೇಖಕರೊಬ್ಬರು ಕೇಳಿದ್ದಾರೆ. ಇದಕ್ಕೆ ಉತ್ತರ 1986ರ ಜನವರಿ 28ರಂದೇ ಸಿಕ್ಕಿದೆ.

ಅಮೆರಿಕದ ಸ್ಪೇಸ್ ಷಟಲ್‌ಗಳು ಅಲ್ಲಿಯವರೆಗೆ 24 ಸಲ ಹೋಗಿ ಸುಖವಾಗಿ ಮರಳಿದ್ದವು. 25ನೆಯ ಹಾರಾಟದಲ್ಲಿ ಚಾಲೆಂಜರ್ 73 ಸೆಕೆಂಡಿಗೇ ಛಿದ್ರವಾಗಿ ಏಳು ಜನ ಸತ್ತರು. ಬೂಸ್ಟರಿನ ಕೀಲುಗಳ ರಬ್ಬರ್ ಉಂಗುರಗಳು ಹಿಂದಿನ ಹಾರಾಟಗಳಲ್ಲೂ ಬಿಸಿ ಅನಿಲಕ್ಕೆ ಸವೆದಿದ್ದವು. ‘ಸವೆದರೂ ಏನೂ ಆಗಲಿಲ್ಲವಲ್ಲ’ ಎಂಬ ಭಂಡಧೈರ್ಯವೇ ಮುಳುವಾಯಿತು. ಲೇಖಕರ ವಾದವೂ ಇದೇ ತಾನೆ?

ದುರಂತದ ಸಂಭವ ಲಕ್ಷಕ್ಕೆ ಒಂದು ಎಂದು ಆಡಳಿತದವರು ನಂಬಿದ್ದರು; ನೂರಕ್ಕೆ ಒಂದು ಎಂಬುದು ಎಂಜಿನಿಯರುಗಳ ಅಂದಾಜು. ತನಿಖಾ ಆಯೋಗದಲ್ಲಿದ್ದ ರಿಚರ್ಡ್ ಫೈನ್‌ಮನ್ ಈ ಅಂತರವನ್ನು ಬಯಲಿಗೆಳೆದರು. 2003ರಲ್ಲಿ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾವೂ ಹೋಯಿತು. ಒಟ್ಟು 135 ಹಾರಾಟಗಳಲ್ಲಿ ಎರಡು ನೌಕೆ, 14 ಜೀವ. ಯಾರ ಲೆಕ್ಕ ಸರಿ ಎಂದು ಬೇರೆ ಹೇಳಬೇಕಿಲ್ಲ.

ಎಪ್ಪತ್ತಕ್ಕೊಮ್ಮೆ ಕೈಕೊಡುವ ರಾಕೆಟ್ಟೂ 24 ಸಲ ಸತತವಾಗಿ ಗೆಲ್ಲುವ ಸಂಭವ ಸುಮಾರು ಶೇ 70. ಹಾಗಾಗಿ ‘ಎಷ್ಟು ಸಲ ಗೆದ್ದಿತು’ ಎಂಬುದಕ್ಕಿಂತ ‘ಸೋತಾಗ ಒಳಗಿರುವವರ ಗತಿಯೇನು’ ಎಂಬ ಪ್ರಶ್ನೆ ದೊಡ್ಡದು. 2018ರ ಅಕ್ಟೋಬರಿನಲ್ಲಿ ಸೊಯುಜ್ ರಾಕೆಟ್ ನಡುದಾರಿಯಲ್ಲಿ ಕೆಟ್ಟರೂ ಇಬ್ಬರೂ ಯಾತ್ರಿಗಳು ಜೀವಂತ ಇಳಿದರು. ಮನುಷ್ಯರನ್ನು ಬಾಹ್ಯಾಕಾಶಕ್ಕೆ ಒಯ್ಯುವ ಗಗನಯಾನ ಯೋಜನೆಗಾಗಿ ಇಸ್ರೊ 2023ರ ಅಕ್ಟೋಬರ್ 21ರಂದು ಪರೀಕ್ಷಿಸಿದ್ದೂ ಇಂಥ ಪಾರಾಗುವ ವ್ಯವಸ್ಥೆಯನ್ನೇ.

ಅದನ್ನು ಕಾಲಹರಣ ಎನ್ನುವವರು, ರಾಕೆಟ್ಟಿನ ತುದಿಯಲ್ಲಿ ತಮ್ಮ ಮಗಳೇ ಕೂತಿದ್ದಾಳೆಂದು ಒಮ್ಮೆ ಯೋಚಿಸಲಿ.