ವಿಮಾನ ಕಾನೂನು: ಪ್ರಯಾಣಿಕನ ವಕೀಲರೆಲ್ಲಿ?

ವಿಮಾನ ಕಂಪನಿಗಳಿಗೆ ಸಲಹೆ ನೀಡುವುದನ್ನೇ ಕಸುಬಾಗಿಸಿಕೊಂಡ ವಕೀಲರೂ ಇದ್ದಾರೆಂಬುದು ನಮ್ಮ ಜಿಲ್ಲೆಯ ಅನೇಕ ಮನೆಗಳಿಗೆ ತಿಳಿದುದು 2010ರ ಮೇ 22ರ ಬಳಿಕವೇ. ಅಂದು ಮುಂಜಾನೆ ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗುರುಳಿ 158 ಮಂದಿ ಮಡಿದರು. ಅವರಲ್ಲಿ ಕಾಸರಗೋಡಿನವರು ಹಲವರು. ಚಿತೆ ಆರಿ, ಗೋರಿಯ ಮಣ್ಣು ಒಣಗುವ ಮೊದಲೇ ಪರಿಹಾರದ ಮಾತುಕತೆ ಬಂತು.

ಈ ವಕೀಲರ ಕೆಲಸ ಸಾಮಾನ್ಯವಾದುದಲ್ಲ. ವಿಮಾನಗಳನ್ನು ಗೇಣಿಗೆ ಪಡೆಯುವ ಕರಾರು, ವಿಮೆ, ಪರವಾನಗಿ, ಅಪಘಾತದ ಹೊಣೆ ಎಲ್ಲವೂ ಅವರ ಮೇಜಿಗೆ ಬರುತ್ತವೆ. ಕಕ್ಷಿದಾರನ ಹಿತ ಕಾಯುವುದು ವಕೀಲನ ಧರ್ಮವಾದುದರಿಂದ ಅವರನ್ನು ನಾವು ದೂರುವುದಿಲ್ಲ. ಎದುರು ಪಕ್ಷಕ್ಕೂ ಅಷ್ಟೇ ಬಲ್ಲವರು ಬೇಕೆಂಬುದಷ್ಟೇ ನಮ್ಮ ವಾದ.

ಭಾರತದ ಮಟ್ಟಿಗೆ ಮಾಂಟ್ರಿಯಲ್ ಒಪ್ಪಂದ ಜಾರಿಗೆ ಬಂದುದು 2009ರ ಜೂನ್ 30ರಂದು. ಹನ್ನೊಂದು ತಿಂಗಳು ತುಂಬುವುದರೊಳಗೆ ಬಜಪೆಯ ದುರಂತ ನಡೆಯಿತು. ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಸಾವು ಸಂಭವಿಸಿದರೆ ಒಂದು ಲಕ್ಷ ಎಸ್‌ಡಿಆರ್‌ವರೆಗೆ, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿಯವರೆಗೆ, ತನ್ನ ತಪ್ಪಿಲ್ಲವೆಂದು ಕಂಪನಿ ಆಗ ಜಾರಿಕೊಳ್ಳುವಂತಿರಲಿಲ್ಲ. ಈ ಮೊತ್ತ ಪ್ರತಿ ಕುಟುಂಬಕ್ಕೆ ಸಲ್ಲಲೇಬೇಕಾದ ಕನಿಷ್ಠವೆಂದು 2011ರ ಜುಲೈಯಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ತೀರ್ಪಿತ್ತಿತು. ಮರು ತಿಂಗಳೇ ವಿಭಾಗೀಯ ಪೀಠ ಅದನ್ನು ತಳ್ಳಿಹಾಕಿ, ಆದ ನಷ್ಟವನ್ನು ಕುಟುಂಬವೇ ರುಜುಪಡಿಸಬೇಕೆಂದಿತು. 'ವರೆಗೆ' ಎಂಬ ಒಂದು ಪದದ ಅರ್ಥದಲ್ಲಿ ಬಡವನ ಮನೆಯ ಪಾಲು ಅಡಗಿತ್ತು. ಗ್ರಾಹಕ ಆಯೋಗದಿಂದ ಸುಪ್ರೀಂ ಕೋರ್ಟಿನವರೆಗೆ ಹೋರಾಡಿದ ಒಂದು ಕುಟುಂಬಕ್ಕೆ 2020ರಲ್ಲಿ 7.64 ಕೋಟಿ ರೂಪಾಯಿ ದೊರೆಯಿತು. ಮಡಿದವರು ದೊಡ್ಡ ಹುದ್ದೆಯಲ್ಲಿದ್ದವರು, ಸಂಬಳದ ದಾಖಲೆಗಳಿದ್ದವು. ಅಂಗಡಿಯಲ್ಲಿ ದುಡಿದವನ ಮನೆಯವರು ಯಾವ ದಾಖಲೆ ತೋರಿಸಬೇಕು? ಹತ್ತು ವರ್ಷ ಕಾಯುವ ಶಕ್ತಿ ಎಷ್ಟು ಮನೆಗಳಿಗಿದೆ?

ಇನ್ನೊಂದು ಮಗ್ಗುಲನ್ನೂ ನೋಡೋಣ. 2023ರ ಮೇಯಲ್ಲಿ ಗೋ ಫಸ್ಟ್ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿದಾಗ, ವಿಮಾನಗಳನ್ನು ಗೇಣಿಗೆ ಕೊಟ್ಟಿದ್ದ ವಿದೇಶೀ ಕಂಪನಿಗಳು ತಮ್ಮ ಸೊತ್ತನ್ನು ಬಿಡಿಸಿಕೊಳ್ಳಲಾಗದೆ ಕೋರ್ಟಿಗೆ ಹೋದವು. 2025ರ ಏಪ್ರಿಲ್‌ನಲ್ಲಿ ಅಂಥವರ ಹಕ್ಕು ಕಾಯುವ ಕಾನೂನನ್ನು ಸಂಸತ್ತು ಅಂಗೀಕರಿಸಿತು. ವಿಮಾನದ ಒಡೆಯನಿಗೆ ಎರಡು ವರ್ಷದೊಳಗೆ ಕಾನೂನು, ವಿಮಾನದಲ್ಲಿ ಸತ್ತವನ ಮನೆಗೆ ಹತ್ತು ವರ್ಷದ ವ್ಯಾಜ್ಯ! ಪರಿಣತ ವಕೀಲರು ಯಾರ ಬೆನ್ನಿಗಿದ್ದಾರೆಂಬುದೂ ಈ ಅಂತರಕ್ಕೊಂದು ಕಾರಣವೆಂದು ನಾವು ತಿಳಿಯುತ್ತೇವೆ.

2020ರಲ್ಲಿ ಕರಿಪ್ಪೂರು, 2025ರಲ್ಲಿ ಅಹಮದಾಬಾದ್: ದುರಂತಗಳು ನಿಂತಿಲ್ಲ. ಮಾಂಟ್ರಿಯಲ್ ಒಪ್ಪಂದದಂತೆ ದಾವೆ ಹೂಡಲು ಇರುವ ಅವಧಿ ಎರಡೇ ವರ್ಷ. ಕೊಲ್ಲಿ ನಾಡಿನ ದುಡಿಮೆಯಿಂದ ಒಲೆ ಉರಿಯುವ ಈ ಜಿಲ್ಲೆಯಿಂದ, ಕಾನೂನು ಓದುವ ನಮ್ಮ ಮಕ್ಕಳಲ್ಲಿ ನಾಲ್ವರಾದರೂ ಈ ವಿದ್ಯೆ ಕಲಿಯಲಿ. ಕಂಪನಿಗಳ ಕೆಲಸಕ್ಕೆ ಹೋಗುವವರು ಹೋಗಲಿ. ಒಬ್ಬನಾದರೂ ಊರಿಗೆ ಮರಳಿ, ಇಂಗ್ಲಿಷಿನ ಆ ಕಾಗದವನ್ನು ಸಹಿಗೆ ಮೊದಲು ಕನ್ನಡದಲ್ಲೋ ಮಲಯಾಳದಲ್ಲೋ ಓದಿ ಹೇಳುವಂತಾಗಲಿ.