ಹೋಟೆಲಿನ ಊಟವೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯಲ್ಲಿ ಕಲಿತವರಲ್ಲಿ ಅನೇಕರು ಉದ್ಯೋಗಾರ್ಥವಾಗಿ ಉಬ್ರಾಣಿಯ ಸೀಮೆಯನ್ನು ಬಿಟ್ಟು ಬೆಂಗಳೂರನ್ನು ಸೇರುತ್ತಿರುವರು. ಹೆಣ್ಣುಮಗಳು ಒಬ್ಬಳೇ ಹೋಟೆಲಿನಲ್ಲಿ ಕುಳಿತು ಉಣ್ಣುವುದು ಗೌರವಸ್ಥರಿಗೆ ಒಪ್ಪುವುದೇ ಎಂದು ತಾಯಿತಂದೆಗಳು ಕೇಳುವುದುಂಟು. ಧಾರಾಳವಾಗಿ ಒಪ್ಪುವುದೆಂದೇ ನನ್ನ ಅಭಿಪ್ರಾಯ.

ಹಿಂದೆ ಹೋಟೆಲುಗಳಲ್ಲಿಯೂ ಪಂಕ್ತಿಭೇದವಿದ್ದಿತು. ಇಂದು ಮಾವಳ್ಳಿ ಟಿಫಿನ್ ರೂಮ್ ಎಂದು ಪ್ರಸಿದ್ಧವಾಗಿರುವ ಸಂಸ್ಥೆಯು 1924ರಲ್ಲಿ ಆರಂಭವಾದಾಗ ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು, ಮತ, ಜಾತಿ, ಲಿಂಗ ಮೊದಲಾದ ಕಾರಣಗಳಿಂದ ಯಾರನ್ನೂ ಹೋಟೆಲಿನ ಬಾಗಿಲಲ್ಲಿ ತಡೆಯಕೂಡದೆಂದು ವಿಧಿಸಿತು. ಕಾನೂನು ತೆರೆದ ಬಾಗಿಲನ್ನು ಮನೆಯವರ ಸಂಕೋಚವು ಮುಚ್ಚುವುದು ನ್ಯಾಯವೇ?

ಉಡುಪಿಯವರ ಇಡ್ಲಿ, ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಆಂಧ್ರದವರ ಬಾಳೆಯೆಲೆ ಊಟ, ಮಲೆಯಾಳಿಗಳ ಅಪ್ಪ, ಟಿಬೆಟನ್ನರ ಮೊಮೊ, ನಮ್ಮ ದಾವಣಗೆರೆಯ ಬೆಣ್ಣೆದೋಸೆ, ಇವೆಲ್ಲವೂ ಆ ಒಂದೇ ನಗರದಲ್ಲಿ ದೊರೆಯುವುವು. ಪರರ ಅನ್ನಕ್ಕೆ ಮೂಗು ಮುರಿಯದವಳು ಪರರನ್ನೂ ಹೀಗಳೆಯಲಾರಳು. ಇದೂ ಒಂದು ವಿದ್ಯೆಯೇ. ನಮ್ಮ ಕರ್ತನು ಸುಂಕದವರೊಡನೆ ಊಟಕ್ಕೆ ಕುಳಿತನೆಂಬುದನ್ನು ಮರೆಯಬಾರದು.

ಹಾಗೆಂದು ಸಂಬಳವನ್ನೆಲ್ಲಾ ನಾಲಿಗೆಗೆ ಒಪ್ಪಿಸುವುದು ವಿವೇಕವಲ್ಲ. ಉಳಿತಾಯದ ಹಣವನ್ನು ಮೊದಲು ತೆಗೆದಿಡತಕ್ಕದ್ದು. ಶುಚಿಯಾದ ಸ್ಥಳವನ್ನು ಆರಿಸತಕ್ಕದ್ದು. ಬಡಿಸುವವರೊಡನೆ ಮರ್ಯಾದೆಯಿಂದ ಮಾತನಾಡತಕ್ಕದ್ದು. ಒಂಟಿಯಾಗಿರುವೆನೆಂಬ ನಾಚಿಕೆಯಿಂದ ಚಹಾ, ಬಿಸ್ಕತ್ತುಗಳಲ್ಲಿಯೇ ರಾತ್ರಿಯನ್ನು ಕಳೆಯುವುದು ಶೀಲವಲ್ಲ, ಶರೀರಕ್ಕೆ ಮಾಡುವ ಅನ್ಯಾಯ.

ತಾಯಿತಂದೆಗಳಲ್ಲಿ ನನ್ನ ಬಿನ್ನಹವಿಷ್ಟೇ: ಮಗಳನ್ನು “ಹೋಟೆಲಿಗೇಕೆ ಹೋದೆ?” ಎಂದು ಕೇಳಬೇಡಿರಿ, “ಹೊತ್ತಿಗೆ ಸರಿಯಾಗಿ ಉಂಡೆಯಾ?” ಎಂದು ಕೇಳಿರಿ.