ಬೇಸಿಗೆ ಬಂತು, ಗುಳಿಗೆ ಡಬ್ಬಿ ತೆರೆದು ನೋಡಿ

ಏಪ್ರಿಲ್ ಬಂತೆಂದರೆ ಕಲಬುರಗಿಯಿಂದ ನಮ್ಮ ಕಾಕಾ ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ನಿಮ್ಮಲ್ಲಿ ಎಷ್ಟದ?" 34 ಅಂದರೆ ನಕ್ಕುಬಿಡುತ್ತಾರೆ. "ನಮ್ಮಲ್ಲಿ 42 ಅದ ನೋಡು. ನಿಮ್ಮದೂ ಒಂದು ಬಿಸಿಲೇನೋ ತಮ್ಮಾ!"

ಅಂಕಿಯಲ್ಲಿ ಕಾಕಾನೇ ಗೆಲ್ಲುತ್ತಾರೆ. ಮೈಗಾಗುವ ಕಷ್ಟದ ಲೆಕ್ಕವೇ ಬೇರೆ. ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ 40 ಡಿಗ್ರಿ ಮುಟ್ಟಿದ ಮೇಲೆ ಬಿಸಿಗಾಳಿಯ ಮಾತಾಡಿದರೆ, ಕರಾವಳಿಯಲ್ಲಿ 37 ಡಿಗ್ರಿ ತಲುಪಿ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಸಾಕು ಎನ್ನುತ್ತದೆ.

ಕಾರಣ ತಿಳಿಯಲು ಒಂದು ಗಡಿಗೆ ಸಾಕು. ಅಪ್ಪ ನಮ್ಮ ಜೊತೆ ಇರಲು ಡೊಂಬಿವಲಿಗೆ ಬಂದ ಮೊದಲ ಬೇಸಿಗೆಯಲ್ಲಿ, ಧಾರಾವಿಯ ಕುಂಭಾರವಾಡಾದಿಂದ ಗಡಿಗೆ ತರಿಸಿಕೊಂಡರು. ಊರಿನಷ್ಟು ನೀರು ತಣ್ಣಗಾಗಲಿಲ್ಲ. ಗಡಿಗೆಯೇ ಸರಿಯಿಲ್ಲ ಎಂದರು. ಗಡಿಗೆ ಸರಿಯಾಗಿಯೇ ಇತ್ತು. ಹೊರಮೈಗೆ ಜಿನುಗಿದ ನೀರು ಆವಿಯಾದರೆ ತಾನೇ ಒಳಗಿನದು ತಂಪಾಗುವುದು? ಇಲ್ಲಿನ ಗಾಳಿ ಮೊದಲೇ ತೇವ ತುಂಬಿಕೊಂಡಿರುತ್ತದೆ. ನಮ್ಮ ಮೈಯ ಬೆವರಿನ ಕಥೆಯೂ ಇದೇ: ಸುರಿಯುತ್ತದೆ, ಆರುವುದಿಲ್ಲ. ನೀರು, ಉಪ್ಪು ಎರಡೂ ಹೋಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ಕಡಲ ಗಾಳಿ ಬೀಸುವುದು ತಡವಾದ ದಿನವಂತೂ ಕೇಳುವುದೇ ಬೇಡ.

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಬಂದು ಬಯಲಿನಲ್ಲಿ ಗಂಟೆಗಟ್ಟಲೆ ಕುಳಿತ ಲಕ್ಷಾಂತರ ಜನರಲ್ಲಿ 14 ಮಂದಿ ಬಿಸಿಲಿನ ಹೊಡೆತಕ್ಕೆ ತೀರಿಹೋದರು. ಆ ದಿನದ ಉಷ್ಣತೆ ಸುಮಾರು 38 ಡಿಗ್ರಿ. ಹಲವರ ಹೊಟ್ಟೆ ಖಾಲಿಯಿತ್ತು, ಕೆಲವರಿಗೆ ಮೊದಲೇ ಕಾಯಿಲೆಗಳಿದ್ದವು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಕಾಕಾ ನಗುವ ಅಂಕಿ ಅದು.

ಬಿಪಿ, ಶುಗರ್, ಹೃದಯದ ತೊಂದರೆ ಇದ್ದವರಿಗೆ ಬಿಸಿಲಿನ ಜೊತೆ ಗುಳಿಗೆಗಳ ಲೆಕ್ಕವೂ ಸೇರುತ್ತದೆ. ಬಿಪಿಗೆ ಕೊಡುವ ಕೆಲವು ಗುಳಿಗೆಗಳು ಮೂತ್ರ ಹೆಚ್ಚಿಸಿ ನೀರು, ಉಪ್ಪನ್ನು ಹೊರಹಾಕುತ್ತವೆ. ಶುಗರಿಗೆ ಕೊಡುವ ಡಪಾಗ್ಲಿಫ್ಲೋಜಿನ್‌ನಂಥವೂ ಮೂತ್ರ ಹೆಚ್ಚಿಸುತ್ತವೆ. ಬೀಟಾ ಬ್ಲಾಕರ್‌ಗಳು ಸೆಕೆಗೆ ತಕ್ಕಂತೆ ಹೃದಯ ವೇಗ ಹೆಚ್ಚಿಸಿಕೊಳ್ಳದಂತೆ ತಡೆಯುತ್ತವೆ. ಡಿಸೆಂಬರಿನಲ್ಲಿ ಸರಿಹೊಂದಿದ ಪ್ರಮಾಣ ಏಪ್ರಿಲ್‌ನಲ್ಲಿ ಹೆಚ್ಚಾಗಬಹುದು.

ಅಪ್ಪನಿಗೆ ಆದದ್ದು ಇದೇ. ಕಳೆದ ಬೇಸಿಗೆಯಲ್ಲಿ ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗಲೆಲ್ಲ ತಲೆ ಸುತ್ತುತ್ತಿತ್ತು. "ವಯಸ್ಸಾತು, ಮತ್ತೇನು" ಎಂದರು. ಡಾಕ್ಟರ್ ಮೊದಲು ಕೂರಿಸಿ, ಆಮೇಲೆ ನಿಲ್ಲಿಸಿ ಬಿಪಿ ನೋಡಿದರು. ಕೂತಾಗ 128, ನಿಂತು ಮೂರು ನಿಮಿಷಕ್ಕೆ 102. ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದಿತ್ತು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಕೂಡ ಕಡಿಮೆ ಬಂತು. ಒಂದು ಗುಳಿಗೆಯ ಪ್ರಮಾಣ ಅರ್ಧ ಮಾಡಿದರು, ಎರಡು ವಾರದಲ್ಲಿ ತಲೆಸುತ್ತು ನಿಂತಿತು. ಮಳೆಗಾಲದಲ್ಲಿ ಮತ್ತೆ ನೋಡಿ ಬದಲಿಸಿದರು. ನಾವಾಗಿಯೇ ಗುಳಿಗೆ ನಿಲ್ಲಿಸುವುದು ಮಾತ್ರ ಅಪಾಯ.

"ಚೆನ್ನಾಗಿ ನೀರು ಕುಡೀರಿ" ಎನ್ನುವ ಉಪದೇಶವೂ ಎಲ್ಲರಿಗೂ ಒಂದೇ ಅಲ್ಲ. ಹೃದಯ ದುರ್ಬಲವಾದವರಿಗೆ, ಕಿಡ್ನಿ ತೊಂದರೆ ಇರುವವರಿಗೆ ದಿನಕ್ಕೆ ಎಷ್ಟು ಲೀಟರ್ ಎಂದು ಡಾಕ್ಟರನ್ನೇ ಕೇಳಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಹಾಳಾದ ಕಿಡ್ನಿಗೆ ಅದು ಭಾರ. ಬಿಪಿ ಇರುವವರು ಓಆರ್‌ಎಸ್ಸನ್ನು ಶರಬತ್ತಿನಂತೆ ದಿನವೂ ಕುಡಿಯುವುದು ಸರಿಯಲ್ಲ, ಅದರಲ್ಲಿ ಉಪ್ಪಿದೆ.

ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇನ್ನೊಂದು ಚಿಂತೆ. ತೆರೆಯದ ಇನ್ಸುಲಿನ್‌ಗೆ ಫ್ರಿಜ್ಜಿನ 2ರಿಂದ 8 ಡಿಗ್ರಿ ಬೇಕು, ಫ್ರೀಜರ್ ಬೇಡವೇ ಬೇಡ. ಬಳಸುತ್ತಿರುವ ಪೆನ್ ಹೊರಗಿದ್ದರೂ ಸುಮಾರು 30 ಡಿಗ್ರಿ ದಾಟಬಾರದು. ವಿರಾರ್‌ನಿಂದ ಚರ್ಚ್‌ಗೇಟಿಗೆ ಲೋಕಲ್‌ನಲ್ಲಿ ಹೋಗುವವರ ಬ್ಯಾಗಿನಲ್ಲಿ ಅದು ಸುಲಭವಲ್ಲ, ತಂಪು ಚೀಲ ಬೇಕು, ಐಸ್ ನೇರವಾಗಿ ತಾಗಬಾರದು. ಬಿಸಿ ಮೈಯಲ್ಲಿ ಇನ್ಸುಲಿನ್ ಬೇಗ ಹೀರಿಕೊಳ್ಳುತ್ತದೆ, ಹಾಗಾಗಿ ಶುಗರ್ ಇಳಿಯಬಹುದು. ಬೆವರು, ನಡುಕ, ಸುಸ್ತು ಕಂಡರೆ "ಸೆಕೆ" ಎಂದು ಸುಮ್ಮನಾಗದೆ ಗ್ಲುಕೋಮೀಟರ್ ತೆಗೆಯಿರಿ.

ಮಾತು ತೊದಲಿದರೆ, ಗೊಂದಲವಾದರೆ, ಮೈ ಕಾದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಗಾಡಿ ಬರುವ ತನಕ ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮಕ್ಕಳ ರಜೆಗೆಂದು ನಿಮ್ಮಲ್ಲಿ ಹಲವರ ಅಪ್ಪ ಅಮ್ಮ ಈ ತಿಂಗಳು ಊರಿಂದ ಬರುತ್ತಾರೆ. ಚೀಲದಲ್ಲಿ ಉಪ್ಪಿನಕಾಯಿ, ಸಂಡಿಗೆ ಜೊತೆ ಒಂದು ಗುಳಿಗೆ ಡಬ್ಬಿಯೂ ಇರುತ್ತದೆ. ಊರಿನ ಡಾಕ್ಟರ್ ಊರಿನ ಹವೆ ನೋಡಿ ಬರೆದದ್ದು ಅದು. ಬಂದ ವಾರದಲ್ಲೇ ಅದನ್ನು ಹಿಡಿದು ನಿಮ್ಮ ಡಾಕ್ಟರ ಹತ್ತಿರ ಹೋಗಿ, ಒಂದೇ ಪ್ರಶ್ನೆ ಕೇಳಿ: "ಈ ಸೆಕೆಗೆ ಇವುಗಳಲ್ಲಿ ಯಾವುದನ್ನಾದರೂ ಬದಲಿಸಬೇಕೇ?"